18 ಇಂಚಿನ ಸೆರಾಮಿಕ್ ಗ್ರಿಲ್ಲಿಗೆ ಮೇಲೊಂದು ಜಾಲರಿ: ಎತ್ತರ ಎಷ್ಟಿರಬೇಕು, ಕಾಲು ಯಾವುದರಲ್ಲಿ ಮಾಡೋದು?

ತುಂಗಾ_ತೀರ:

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿದ್ದೀನಿ. ಇರೋದು ಬಿಗ್ ಗ್ರೀನ್ ಎಗ್ ಕಂಪನಿಯ ಲಾರ್ಜ್ ಸೈಜಿನ, ಮುಚ್ಚಳ ಇರೋ ಇದ್ದಲಿನ ಸೆರಾಮಿಕ್ ಗ್ರಿಲ್, ಜಾಲರಿ ಹದಿನೆಂಟೂಕಾಲು ಇಂಚು. ಮನೆಮಂದಿಗೆ ಧಾರಾಳವಾಗಿ ಸಾಕು. ಹೊಸತೊಡಕಿಗೆ ಹದಿನೈದು ಜನ ಸೇರಿದರೆ ಮಾತ್ರ ಎರಡು ಮೂರು ಸರದಿ ಬೇಯಿಸಬೇಕು, ಕೊನೇ ಸರದಿ ಇಳಿಸೋ ಹೊತ್ತಿಗೆ ಮೊದಲನೇದು ಆರಿಹೋಗಿರುತ್ತೆ. ಅದಕ್ಕೆ ಈಗಿರೋ ಜಾಲರಿ ಮೇಲೆ ಕಾಲು ಕೊಟ್ಟು ಇನ್ನೊಂದು ಚಿಕ್ಕ ಜಾಲರಿ ನಿಲ್ಲಿಸೋಣ ಅಂತ ಯೋಚನೆ. ಕಂಪನಿ ಕಿಟ್ ಬೇಡ, ಹಾರ್ಡ್‌ವೇರ್ ಅಂಗಡಿ ಸಾಮಾನಲ್ಲೇ ಆಗಬೇಕು.

ಎರಡು ಜಾಲರಿಗಳ ನಡುವೆ ಎಷ್ಟು ಅಂತರ ಬಿಡಬೇಕು? ಮೇಲಿನದು ಪೂರ್ತಿ ದುಂಡಗಿರಲಾ, ಅರ್ಧಚಂದ್ರಾಕಾರ ಸಾಕಾ? ಬೋಲ್ಟು ಯಾವ ಲೋಹದ್ದು, ಯಾವ ಸೈಜಿನದು? ಮೇಲೆ ಕೋಳಿ ಕಾಲು ಇಟ್ಟು, ಕೆಳಗೆ ಜೋಳ, ಬದನೆಕಾಯಿ ಸುಡೋದು ನನ್ನ ಲೆಕ್ಕ. ಗಾಳಿ ಆಡೋದಕ್ಕೆ ತೊಂದರೆ ಆಗುತ್ತಾ? ಮಾಡಿ ಗೊತ್ತಿರೋರು ಅಳತೆ ಸಮೇತ ಹೇಳಿದರೆ ಉಪಕಾರ.

ನಟ್ಟುಬೋಲ್ಟು:

ಸಾಮಾನು ತರೋಕೆ ಮುಂಚೆ ಮುಚ್ಚಳದೊಳಗೆ ಜಾಗ ಎಷ್ಟಿದೆ ಅಂತ ಅಳೀರಿ. ಮುಕ್ಕಾಲು ಪಾಲು ಎಡವಟ್ಟು ಆಗೋದು ಇಲ್ಲೇ. ಈ ಗ್ರಿಲ್ಲಿನ ಮುಚ್ಚಳ ನೇರ ಕೆಳಗಿಳಿಯಲ್ಲ, ಹಿಂದಿನ ಕೀಲಿನ ಸುತ್ತ ಕಮಾನಿನಂತೆ ತಿರುಗಿ ಕೂರುತ್ತೆ. ಆದ್ದರಿಂದ ಮುಚ್ಚಿದಾಗ ಜಾಗ ಇದ್ದರೂ ಮುಚ್ಚುತ್ತಿರುವಾಗ ಮೇಲಿನ ಜಾಲರಿಯ ಹಿಂದಿನ ಅಂಚಿಗೆ ತಾಗಬಹುದು. ಇನ್ನೊಂದು, ಥರ್ಮಾಮೀಟರಿನ ಕಡ್ಡಿ ಒಳಗೆ ಚಾಚಿಕೊಂಡಿರುತ್ತೆ. ಅದು ಕೋಳಿಗೆ ಚುಚ್ಚಿಕೊಂಡರೆ ಮುಳ್ಳು ತೋರಿಸೋದು ಮಾಂಸದ ಬಿಸಿಯನ್ನು, ಗೂಡಿನ ಬಿಸಿಯನ್ನಲ್ಲ. ಅದನ್ನ ನಂಬಿ ಗಾಳಿಕಿಂಡಿ ಅಗಲ ಮಾಡಿದರೆ ಕೆಳಗಿರೋದೆಲ್ಲ ಕರಕಲು.

ಗ್ರಿಲ್ ತಣ್ಣಗಿರುವಾಗ ರಟ್ಟಿನಲ್ಲಿ 13 ಇಂಚಿನ ಒಂದು ಚಕ್ರ ಕತ್ತರಿಸಿ, 4 ಇಂಚು ಎತ್ತರದ ಡಬ್ಬಗಳ ಮೇಲೆ ಕೂರಿಸಿ. ಚಪಾತಿ ಹಿಟ್ಟಿನ ಉದ್ದನೆಯ ಉಂಡೆಗಳನ್ನು, 4 ಇಂಚು ಎತ್ತರಕ್ಕೆ, ಥರ್ಮಾಮೀಟರ್ ಕಡ್ಡಿ ಬರೋ ಕಡೆ ಒಂದು, ನಡುವೆ ಒಂದು, ಹಿಂದಿನ ಅಂಚಿನಲ್ಲಿ ಒಂದು ನಿಲ್ಲಿಸಿ. ಮುಚ್ಚಳ ನಿಧಾನಕ್ಕೆ ಮುಚ್ಚಿ ತೆಗೀರಿ. ಉಂಡೆ ಜಜ್ಜಿದ ಮೇಲೆ ಉಳಿದ ಎತ್ತರವೇ ನಿಮಗೆ ಸಿಗೋ ಜಾಗ. ಕೋಳಿ ಕಾಲು, ತೊಡೆ ಎರಡೂವರೆಯಿಂದ ಮೂರು ಇಂಚು ಎತ್ತರ ಬರುತ್ತೆ, ಅದರ ಮೇಲೆ ಅರ್ಧ ಇಂಚಾದರೂ ಖಾಲಿ ಬೇಕು. ಅಷ್ಟು ಸಿಗದಿದ್ದರೆ ಜಾಲರಿಯ ಕಾಲನ್ನ ಮೂರೂವರೆ ಇಂಚಿಗೆ ಇಳಿಸಿ.

ಜಾಲರಿಗೆ ಅದೇ ಕಂಪನಿಯ ಸ್ಮಾಲ್ ಅಥವಾ ಮಿನಿಮ್ಯಾಕ್ಸ್ ಗ್ರಿಲ್ಲಿನ 13 ಇಂಚಿನ ಸ್ಟೇನ್‌ಲೆಸ್ ಜಾಲರಿ ಬಿಡಿಯಾಗಿ ಸಿಗುತ್ತೆ, ಅದು ಸರಿಯಾದ ಸೈಜು. ನಿಮ್ಮ ದೊಡ್ಡ ಜಾಲರಿ ಸುಮಾರು 262 ಚದರ ಇಂಚು, ಇದು 133. ಅಂದರೆ ಒಂದೂವರೆ ಪಟ್ಟು ಜಾಗ ಆಯ್ತು. 18 ಇಂಚಿನದನ್ನೇ ಮೇಲೆತ್ತಿ ಕೂರಿಸೋ ಆಸೆ ಬೇಡ. ಅಂಚು ಗೋಡೆಗೆ ಹತ್ತಿರ ಆಗುತ್ತೆ, ಕೆಳಗಿನದಕ್ಕೆ ಕೈ ಹಾಕೋಕೂ ಆಗಲ್ಲ. ಬಿಸಿಯಾದಾಗ ಉಕ್ಕು ಹಿಗ್ಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ: 304 ದರ್ಜೆಯ ಸ್ಟೇನ್‌ಲೆಸ್ಸಿನ 18 ಇಂಚಿನ ಕಂಬಿ 300 ಡಿಗ್ರಿ ಸೆಲ್ಸಿಯಸ್ ಏರಿದರೆ ಎರಡು ಮಿಲಿಮೀಟರಿಗಿಂತ ಜಾಸ್ತಿ ಉದ್ದ ಆಗುತ್ತೆ. ಲೋಹ ಎಲ್ಲೂ ಸೆರಾಮಿಕ್ ಗೋಡೆಗೆ ಒತ್ತಬಾರದು, ಸುತ್ತ ಕಾಲಿಂಚು ಬಿಟ್ಟಿರಬೇಕು.

ಈಗ ಕಾಲು. ಎಲ್ಲರೂ "ಕಾಲಿಂಚು ದಪ್ಪದ, 5 ಇಂಚು ಉದ್ದದ ಬೋಲ್ಟು ತನ್ನಿ" ಅಂತಾರೆ. ತಂದು ನೋಡಿದರೆ ಆ ಬೋಲ್ಟಿಗೆ ತುದಿಯಲ್ಲಿ ಮುಕ್ಕಾಲು ಇಂಚು ಮಾತ್ರ ಮರೆ (ನಟ್ಟು ಏರೋ ತಿರುಪಿನ ಗೆರೆ) ಇರುತ್ತೆ, ಉಳಿದದ್ದು ನುಣುಪು. ನಟ್ಟು ತಲೆತನಕ ಏರದಿದ್ದರೆ ಜಾಲರಿಯನ್ನ ಹಿಡಿಯೋದು ಹೇಗೆ? ಹಾಗಾಗಿ ಬೋಲ್ಟು ಬಿಟ್ಟು ಉದ್ದಕ್ಕೂ ಮರೆ ಇರೋ ರಾಡ್ ತನ್ನಿ: ಕಾಲಿಂಚು, ಇಂಚಿಗೆ 20 ಮರೆ, 3 ಅಡಿ ಉದ್ದದ್ದು ಒಂದು. ಪ್ಯಾಕೆಟ್ ಮೇಲೆ 18-8 ಅಥವಾ 304 ಅಂತ ಇರಬೇಕು. ಅದರಲ್ಲಿ 5 ಇಂಚಿನ ನಾಲ್ಕು ತುಂಡು. ಜೊತೆಗೆ 16 ನಟ್ಟು, ಒಂದೂಕಾಲು ಇಂಚು ಅಗಲದ 12 ಫೆಂಡರ್ ವಾಷರ್ (ತೂತು ಚಿಕ್ಕದು, ಸುತ್ತ ಅಗಲ ಇರೋ ವಾಷರ್). ಎಲ್ಲವೂ ಸ್ಟೇನ್‌ಲೆಸ್.

ರಾಡ್ ಕತ್ತರಿಸೋ ಮುಂಚೆ ಎರಡೂ ಕಡೆ ಒಂದೊಂದು ನಟ್ಟು ಏರಿಸಿಕೊಂಡಿರಿ. ಗರಗಸದಿಂದ ಕತ್ತರಿಸಿ, ಅಂಚು ಅರದಿಂದ ಉಜ್ಜಿ, ಆಮೇಲೆ ನಟ್ಟನ್ನ ತಿರುಗಿಸಿ ಹೊರಗೆ ತಂದರೆ ಹಾಳಾದ ಮೊದಲ ಮರೆ ತಾನೇ ಸರಿಹೋಗುತ್ತೆ. ಇಲ್ಲದಿದ್ದರೆ ಕತ್ತರಿಸಿದ ತುದಿಗೆ ನಟ್ಟು ಹತ್ತೋದೇ ಇಲ್ಲ.

ಜೋಡಣೆ ಹೀಗೆ: ಮೇಲಿಂದ ನಟ್ಟು, ವಾಷರ್, ಜಾಲರಿಯ ಎರಡು ಕಂಬಿಗಳ ನಡುವಿನ ಸಂದು, ಮತ್ತೆ ವಾಷರ್, ನಟ್ಟು. ಎರಡು ವಾಷರ್ ಸೇರಿ ಕಂಬಿಗಳನ್ನ ಕಚ್ಚಿ ಹಿಡಿಯುತ್ತವೆ. ಕೆಳಗೆ ಪಾದಕ್ಕೆ ಒಂದು ನಟ್ಟು, ಒಂದು ವಾಷರ್, ಇನ್ನೊಂದು ನಟ್ಟು. ಆ ಕೆಳಗಿನ ನಟ್ಟಿನಾಚೆಗೂ ರಾಡಿನ ತುದಿ ಸ್ವಲ್ಪ ಹೊರಗಿರಲಿ. ವಾಷರ್ ಎರಡು ಕಂಬಿಗಳ ಮೇಲೆ ಕೂತರೆ, ನಟ್ಟು ಮತ್ತು ತುದಿ ಕೆಳಗಿನ ಜಾಲರಿಯ ಸಂದಿನಲ್ಲಿ ಇಳಿದು ಇಡೀ ಸ್ಟ್ಯಾಂಡ್ ಆಚೀಚೆ ಜಾರದಂತೆ ತಡೆಯುತ್ತೆ. ನಿಮ್ಮ ಜಾಲರಿಯ ಸಂದು ನಟ್ಟು ಇಳಿಯದಷ್ಟು ಕಿರಿದಾಗಿದ್ದರೆ ಕೆಳಗಿನ ನಟ್ಟು ಬಿಟ್ಟು ವಾಷರನ್ನ ಸಡಿಲವಾಗಿ ಕೂರಿಸಿ, ರಾಡಿನ ತುದಿ ಮಾತ್ರ ಇಳಿಯಲಿ. ಪಾದದ ನಟ್ಟು ಮೇಲೆ ಕೆಳಗೆ ಆಡಿಸಿದರೆ ಮಟ್ಟವೂ ಸರಿಹೋಗುತ್ತೆ.

ಎರಡು ಎಚ್ಚರಿಕೆ. ನೈಲಾನ್ ರಿಂಗ್ ಇರೋ ಲಾಕ್ ನಟ್ಟು ತರಬೇಡಿ, ಕರಗಿ ಹೊಗೆಯಾಡುತ್ತೆ. ಸ್ಟೇನ್‌ಲೆಸ್ ನಟ್ಟನ್ನ ಸ್ಟೇನ್‌ಲೆಸ್ ರಾಡಿಗೆ ಡ್ರಿಲ್ ಮೆಷಿನ್ನಿನಲ್ಲಿ ಜೋರಾಗಿ ತಿರುಗಿಸಬೇಡಿ. ಉಜ್ಜಾಟಕ್ಕೆ ಮರೆಗಳು ಒಂದಕ್ಕೊಂದು ಬೆಸೆದುಕೊಂಡು ಕಚ್ಚಿಬಿಡುತ್ತವೆ, ಆಮೇಲೆ ಕತ್ತರಿಸೋದೇ ದಾರಿ. ಒಂದು ಹನಿ ಅಡುಗೆ ಎಣ್ಣೆ ಸವರಿ ಕೈಯಲ್ಲೇ ನಿಧಾನಕ್ಕೆ ಏರಿಸಿ, ಕೊನೆಗೆ ಸ್ಪ್ಯಾನರ್.

ಸಾಧನಕೇರಿ:

ಮ್ಯಾಲಿನ ಉತ್ತರಕ್ಕ ಒಂದಿಷ್ಟು ಸೇರಸ್ತೀನ್ರಿ. ನಾಲ್ಕು ಕಾಲು ಯಾಕ, ಮೂರು ಸಾಕಲ್ಲಾ ಅಂತ ಯಾರರೆ ಹೇಳೇ ಹೇಳ್ತಾರ, ಮೂರು ಕಾಲಿಂದು ಅಲುಗಾಡೂದಿಲ್ಲ ಅಂತ. ಅಲುಗಾಡೂದಿಲ್ಲ ಅನ್ನೂದು ಖರೆ. ಆದ್ರ ಮಗಚಿ ಬೀಳ್ತದ. 13 ಇಂಚಿನ ಜಾಲರಿಗೆ ನಡುವಿನಿಂದ ಐದೂವರೆ ಇಂಚಿಗೆ ಕಾಲು ಹಚ್ಚೀರಿ ಅಂತ ತಿಳಕೊಳ್ರಿ. ಮೂರು ಕಾಲಿದ್ದರ ಎರಡು ಕಾಲಿನ ನಡುವಿನ ಗೆರಿ ಕೇಂದ್ರದಿಂದ ಬರೇ ಎರಡೂಮುಕ್ಕಾಲು ಇಂಚು ದೂರ ಇರತದ. ಅದರ ಹೊರಗ ಭಾರ ಬಿತ್ತಂದ್ರ ಮಗಚತದ. ನಾಲ್ಕು ಕಾಲಿದ್ದರ ಆ ದೂರ ಹತ್ತಿರ ಹತ್ತಿರ ನಾಲ್ಕು ಇಂಚು. ಕೋಳಿ ತುಂಡು ಒಂದೊಂದ ತಗೀತಾ ಹೋದಂಗ ಭಾರ ಒಂದ ಕಡೆ ಉಳೀತದ ನೋಡ್ರಿ, ಮಗಚೂದು ಆವಾಗ. ಒಲಿ ಬಿಸಿ ಇದ್ದಾಗ ಬಿದ್ದರ ಹಿಡಿಯಾಕೂ ಬರೂದಿಲ್ಲ.

ಅರ್ಧಚಂದ್ರ ಮಾಡೂದು ಛಲೋನ, ಕೆಳಗಿನ ಅರ್ಧಕ್ಕ ಚಿಮಟಾ ಹಾಕಾಕ ಬರತದ. ಕಾಮಾಡೊ ಜೋ ಕಂಪನಿಯವರ ಡಿವೈಡ್ ಅಂಡ್ ಕಾಂಕರ್ ವ್ಯವಸ್ಥಾ ಇರೂದೂ ಹಂಗ, ಎರಡು ಅರ್ಧ ಜಾಲರಿ, ಬ್ಯಾರೆ ಬ್ಯಾರೆ ಎತ್ತರ. ಆದ್ರ ಅದರಾಗ ಅರ್ಧ ಜಾಲರಿಯನ್ನ ಹೊರಗಿನ ಚೌಕಟ್ಟು ಹಿಡದಿರತದ. ಮನ್ಯಾಗ ಬರೇ ಕಾಲಿನ ಮ್ಯಾಲೆ ಅರ್ಧಚಂದ್ರ ನಿಲ್ಲಸ್ತೀರಿ ಅಂದ್ರ ಚಪ್ಪಟ ಬದಿ ತುದಿಯೊಳಗ ಎರಡು, ಬಾಗಿದ ಬದಿಗೆ ಎರಡು, ಹಿಂಗ ನಾಲ್ಕು ಕಾಲು ಬೇಕ ಬೇಕು. ಅಂಚಿಗೆ ಎಷ್ಟು ಹತ್ತಿರ ಆಕ್ಕಾವ ಅಷ್ಟು ಛಲೋ.

ಇನ್ನೊಂದು ಮಾತು, ಕಾಲನ್ನ ಫೈರ್ ರಿಂಗಿನ (ಕೆಳಗಿನ ಜಾಲರಿ ಕೂಡೂ ಸೆರಾಮಿಕ್ ಬಳಿ) ಅಂಚಿನ ಮ್ಯಾಲೆ ಊರಬ್ಯಾಡ್ರಿ. ಸೆರಾಮಿಕ್ಕು ಹರಡಿದ ಭಾರ ತಡಕೋತದ, ಒಂದ ಬಿಂದುವಿನ ಮ್ಯಾಲಿನ ಒತ್ತಡಕ್ಕ, ಅದೂ ಬಿಸಿ ಇದ್ದಾಗ, ಸೀಳು ಬಿಡತದ. ಕೆಳಗಿನ ಜಾಲರಿ ಮ್ಯಾಲೆ ಊರಿದರ ಭಾರ ಸುತ್ತಲೂ ಹಂಚಿ ಹೋಗತದ.

ಕೆಂಡದ_ಕಾವು:

ಕಟ್ಟೋ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಉರಿಯ ಬಗ್ಗೆ ಹೇಳುತ್ತೇನೆ. ಮೇಲಿನ ಜಾಲರಿ ಎಂದರೆ ಬರೀ ಹೆಚ್ಚುವರಿ ಜಾಗ ಅಂದುಕೊಳ್ಳಬೇಡಿ. ಅಲ್ಲಿ ಬೇಯುವ ರೀತಿಯೇ ಬೇರೆ. ಕೆಳಗಿನ ಜಾಲರಿಗೆ ಕೆಂಡದ ನೇರ ಕಾವು ಹೊಡೆಯುತ್ತದೆ. ನಾಲ್ಕು ಇಂಚು ಮೇಲೆ ಹೋದರೆ ಆ ಹೊಡೆತ ತಗ್ಗಿ, ಮುಚ್ಚಳದಿಂದ ತಿರುಗಿ ಬರುವ ಕಾವು ಜಾಸ್ತಿಯಾಗುತ್ತದೆ. ಮೂಳೆ ಇರುವ ಕೋಳಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಚರ್ಮ ಸುಡುವ ಮುಂಚೆ ಒಳಗೆ ಬೆಂದಿರುತ್ತದೆ, ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೂ ಮಾಂಸದ ತನಕ ಮುಟ್ಟುವುದು ಕಡಿಮೆ.

ಇದ್ದಲನ್ನು ಫೈರ್‌ಬಾಕ್ಸಿನ (ತಳದಲ್ಲಿ ಇದ್ದಲು ತುಂಬುವ ಸೆರಾಮಿಕ್ ಬಟ್ಟಲು) ಮೇಲಂಚಿನವರೆಗೆ ಮಾತ್ರ ತುಂಬಿ. ಅದರ ಮೇಲೆ ಫೈರ್ ರಿಂಗಿನೊಳಕ್ಕೂ ಪೇರಿಸಿದರೆ ಕೆಂಡ ಕೆಳಗಿನ ಜಾಲರಿಗೆ ಹತ್ತಿರವಾಗಿ, ನೀವು ಮೇಲೆತ್ತಿ ಗಳಿಸಿದ ಅಂತರ ಕೆಳಗಿನಿಂದ ಕಳೆದುಹೋಗುತ್ತದೆ. ಮುಚ್ಚಳದ ಥರ್ಮಾಮೀಟರಿನಲ್ಲಿ 375ರಿಂದ 400 ಡಿಗ್ರಿ ಫ್ಯಾರನ್‌ಹೀಟ್ ನಿಂತ ಮೇಲೆ, ಮೊದಲು ಎದ್ದ ದಟ್ಟ ಬಿಳಿ ಹೊಗೆ ಕರಗಿ ತೆಳುವಾದ ಮೇಲೆ, ಕೋಳಿ ಇಡಿ. ಕಾಲು ತೊಡೆ ಕೂಡಿರುವ ತುಂಡುಗಳಿಗೆ 45ರಿಂದ 55 ನಿಮಿಷ. ಗಡಿಯಾರಕ್ಕಿಂತ ಚುಚ್ಚಿ ನೋಡುವ ಥರ್ಮಾಮೀಟರ್ ನಂಬಿ: 165 ಡಿಗ್ರಿಗೆ ತಿನ್ನಲು ಸುರಕ್ಷಿತ, ಆದರೆ ತೊಡೆ ಮಾಂಸ ಮೃದುವಾಗುವುದು 175 ದಾಟಿ 185ರ ಹತ್ತಿರ. ಜೋಳಕ್ಕೆ ಸಿಪ್ಪೆ ಸುಲಿದಿದ್ದರೆ 15ರಿಂದ 20 ನಿಮಿಷ, ಬಜ್ಜಿಗೆ ಬೇಕಾದ ದಪ್ಪ ಬದನೆಕಾಯಿಗೆ ಕೆಂಡದ ನೇರಕ್ಕೆ ತಿರುಗಿಸುತ್ತಾ 20ರಿಂದ 25.

ನಿಮ್ಮ ಲೆಕ್ಕದಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಹಸಿ ಕೋಳಿ ಮೇಲೆ, ತರಕಾರಿ ಕೆಳಗೆ ಬೇಡವೇ ಬೇಡ. ಹಸಿ ಮಾಂಸದ ರಸ ಬೆಂದ ಜೋಳದ ಮೇಲೆ ತೊಟ್ಟಿಕ್ಕುತ್ತದೆ. ಆರೋಗ್ಯದ ಮಾತು ಒಂದು ಕಡೆಯಾದರೆ, ಹದಿನೈದು ಜನ ಸೇರುವ ಕಡೆ ಮಾಂಸ ಮುಟ್ಟದವರು ಒಬ್ಬಿಬ್ಬರಾದರೂ ಇರುತ್ತಾರೆ, ಅವರಿಗೆ ಅಂಥ ಜೋಳ ಕೊಡುವುದು ತಪ್ಪು. ಬದನೆಕಾಯಿ, ಜೋಳ ಮೊದಲು ಕೆಳಗೆ ನೇರ ಕೆಂಡಕ್ಕೆ ಸುಟ್ಟು ತೆಗೆದುಬಿಡಿ. ಆಮೇಲೆ ಮೇಲಿನ ಸ್ಟ್ಯಾಂಡ್ ಇಟ್ಟು ಕೋಳಿ ಏರಿಸಿ, ಕೆಳಗೂ ಕೋಳಿಯನ್ನೇ ಇಡಿ. ಅರ್ಧ ಹೊತ್ತಿಗೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಅದಲು ಬದಲು ಮಾಡಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಕಡೆಯ ಹತ್ತು ನಿಮಿಷದ ಬಣ್ಣ ಕೆಳಗೆ ಬರುತ್ತದೆ. ಒಟ್ಟಿಗೇ ಆಗಬೇಕು ಎನ್ನುವುದಾದರೆ ತರಕಾರಿ, ಪನೀರು ಮೇಲೆ, ಕೋಳಿ ಕೆಳಗೆ. ಆ ಚಿಕ್ಕ ಜಾಲರಿಯನ್ನು ಸಸ್ಯಾಹಾರಕ್ಕೆಂದೇ ಮೀಸಲಿಡುವುದು ಇನ್ನೂ ಒಳ್ಳೆಯದು.

ಎತ್ತರದ ಬಗ್ಗೆ: ನಾಲ್ಕು ಇಂಚು ನೇರ ಕೆಂಡದ ಅಡುಗೆಗೆ ಸರಿ. ಕಾವು ತಡೆಯುವ ಮೂರು ಕಾಲಿನ ಸೆರಾಮಿಕ್ ತಟ್ಟೆಯನ್ನು ಕಾಲು ಮೇಲಾಗಿ ಇಟ್ಟರೆ, ದೊಡ್ಡ ಜಾಲರಿ ಆ ಕಾಲುಗಳ ಮೇಲೆ ಕೂತು ಆಗಲೇ ಎತ್ತರಕ್ಕೆ ಬಂದಿರುತ್ತದೆ. ಅದರ ಮೇಲೆ ಮತ್ತೆ ನಾಲ್ಕು ಇಂಚು ಹೋದರೆ ಮುಚ್ಚಳ ತಾಗಬಹುದು. ಆ ಅಡುಗೆಗೆ ಮೂರು ಇಂಚು. ಮರೆ ಇರುವ ರಾಡ್ ಆದ್ದರಿಂದ ಪಾದವನ್ನು ಮೇಲೇರಿಸಬಹುದು ಅನ್ನಿಸಬಹುದು, ಆದರೆ ಉಳಿದ ತುದಿ ಕೆಳಗಿನ ಜಾಲರಿಯಾಚೆಗೆ ಜೋತುಬೀಳುತ್ತದೆ. ಎರಡನೇ ಜೊತೆ ಕಾಲು, 4 ಇಂಚಿನ ತುಂಡುಗಳಲ್ಲಿ, ಅದೇ ರಾಡಿನ ಉಳಿಕೆಯಲ್ಲೇ ಮಾಡಿಕೊಳ್ಳಿ. 36ರಲ್ಲಿ 20 ಹೋದರೆ 16, ಗರಗಸದ ಪುಡಿಗೆ ಹೋಗುವ ಕೂದಲೆಳೆಯಷ್ಟು ಕಮ್ಮಿಯಾದರೆ ಚಿಂತೆ ಇಲ್ಲ.

ಗಾಳಿ ವಿಚಾರ: ಕೆಳಗಿನ ಕಿಂಡಿಯಿಂದ ಬಂದ ಗಾಳಿ ಮೇಲಿನ ಚಿಮಣಿಗೆ ಹೋಗಲು ಅಂಚಿನ ಸುತ್ತ ಒಂದು ಇಂಚು ತೆರವಿರಬೇಕು. ಜಾಲರಿಯಿಂದ ಏನೂ ಅಡ್ಡಿಯಿಲ್ಲ. ಕೆಳಗೆ ಅಗಲವಾದ ತಟ್ಟೆ, ಮೇಲೆ ಸಂದಿಲ್ಲದಂತೆ ಜೋಡಿಸಿದ ಮಾಂಸ ಎರಡೂ ಸೇರಿದಾಗ ಬೆಂಕಿ ಉಸಿರುಕಟ್ಟಿ ಬಿಸಿ ಏರುವುದಿಲ್ಲ, ಹೊಗೆ ಕಹಿಯಾಗುತ್ತದೆ.

ತುಂಗಾ_ತೀರ:

ತುಂಬಾ ಧನ್ಯವಾದ. ಕೋಳಿ ಕೆಳಗೆ, ತರಕಾರಿ ಮೇಲೆ ಅನ್ನೋದನ್ನ ಒಪ್ಪಿದೆ. ಇನ್ನೆರಡು ಸಂದೇಹ. ಹಳೇ ಫ್ರಿಜ್ಜಿನ ತಂತಿ ಶೆಲ್ಫ್ ಒಂದಿದೆ, ಅದನ್ನೇ ಕತ್ತರಿಸಿ ಬಳಸಬಹುದಾ? ಗ್ಯಾಲ್ವನೈಸ್ಡ್ ರಾಡ್ ಕಾಲು ಭಾಗ ಬೆಲೆಗೆ ಸಿಗುತ್ತೆ, ಒಮ್ಮೆ ಚೆನ್ನಾಗಿ ಕಾಯಿಸಿ ಬಳಸಿದರೆ? ನನ್ನ ತಮ್ಮ ಬೆಂಗಳೂರಲ್ಲಿದ್ದಾನೆ, ಅವನ ಹತ್ತಿರಾನೂ ಇಂಥದ್ದೇ ಗ್ರಿಲ್ ಇದೆ. ಅಲ್ಲಿ ಮಾಡಿಸೋದು ಹೇಗೆ ಅಂತಾನೂ ತಿಳಿಸಿ.

ನಟ್ಟುಬೋಲ್ಟು:

ಎರಡಕ್ಕೂ ಬೇಡ. ಫ್ರಿಜ್ ಶೆಲ್ಫಿನ ಮೇಲೆ ಏನು ಲೇಪನ ಇದೆ ಅಂತ ನೋಡಿ ಹೇಳೋಕಾಗಲ್ಲ. ಹಳೇದರಲ್ಲಿ ಕ್ಯಾಡ್ಮಿಯಂ ಅನ್ನೋ ವಿಷದ ಲೋಹ ಇರಬಹುದು, ಇಲ್ಲಾ ಸತು, ಇಲ್ಲಾ ಪ್ಲಾಸ್ಟಿಕ್ಕು. ಅದು ಮಾಡಿರೋದು ತಣ್ಣಗಿರೋಕೆ. ಗ್ಯಾಲ್ವನೈಸ್ಡ್ ಅಂದರೆ ಸತುವಿನ ಪದರ. ಸತು 419 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತೆ, ಕೆಂಡದ ನೇರಕ್ಕೆ ಇರೋ ಕಾಲಿನ ಪಾದ ಅಷ್ಟು ಕಾಯಬಹುದು. ಅದಕ್ಕೂ ಎಷ್ಟೋ ಮೊದಲೇ ಪದರ ಸಿಪ್ಪೆ ಏಳುತ್ತೆ. "ಕಾಯಿಸಿ ಸುಟ್ಟುಬಿಡ್ತೀನಿ" ಅಂದರೆ ಆ ಹೊಗೆ ನೀವೇ ಕುಡಿದಂಗೆ, ಚಳಿ ಜ್ವರ ಬರೋದು ಅದರಿಂದಲೇ. ಸ್ಟೇನ್‌ಲೆಸ್ಸಿಗೆ ಹೆಚ್ಚು ಕೊಡೋ ದುಡ್ಡು ಒಂದು ಹೊತ್ತಿನ ಕೋಳಿಯ ಬೆಲೆಗಿಂತ ಜಾಸ್ತಿ ಏನಲ್ಲ.

ಹೊಸ ರಾಡಿಗೆ ಯಂತ್ರದ ಎಣ್ಣೆ ಮೆತ್ತಿರುತ್ತೆ. ಜೋಡಿಸೋಕೆ ಮುಂಚೆ ಬಿಸಿನೀರು, ಪಾತ್ರೆ ಸೋಪಿನಲ್ಲಿ ಬ್ರಷ್ ಹಾಕಿ ಉಜ್ಜಿ, ಜೋಡಿಸಿದ ಮೇಲೆ ಏನೂ ಇಡದೆ 400 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅರ್ಧ ಗಂಟೆ ಕಾಯಿಸಿ. ಪೂರಾ ತಣಿದ ಮೇಲೆ ನಟ್ಟುಗಳನ್ನ ಮತ್ತೊಮ್ಮೆ ಬಿಗಿ ಮಾಡಿ. ಮೊದಲ ಕಾವಿಗೆ ಕಂಬಿ, ವಾಷರ್ ಎಲ್ಲ ಕೂತುಕೊಂಡು ಒಂದು ಸುತ್ತಿನಷ್ಟು ಸಡಿಲ ಬಿದ್ದಿರುತ್ತೆ.

ಪೀಣ್ಯ_ಶೆಡ್:

ಬೆಂಗಳೂರಿನ ಪ್ರಶ್ನೆಗೆ ನನ್ನ ಉತ್ತರ. ಇಲ್ಲಿ ನಟ್ಟು ಬೋಲ್ಟಿನ ರಗಳೆ ಬೇಡ, ಸ್ಟೇನ್‌ಲೆಸ್ ಕೆಲಸ ಮಾಡೋ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಒಂದೇ ತುಂಡಾಗಿ ವೆಲ್ಡ್ ಮಾಡಿಸಿ. ಕಬ್ಬಿಣದ ಗೇಟು ಮಾಡೋ ಶೆಡ್ ಬೇಡ, ಆರ್ಗಾನ್ ವೆಲ್ಡಿಂಗ್ ಇರೋ ಕಡೆಗೆ ಹೋಗಿ. ಸಾದಾ ವೆಲ್ಡಿಂಗ್ ರಾಡಿನಲ್ಲಿ ಮಾಡಿದರೆ ಬೆಸುಗೆ ಹತ್ತಿರ ಗಸಿ ಉಳಿದು, ತುಕ್ಕು ಅಲ್ಲಿಂದಲೇ ಶುರುವಾಗುತ್ತೆ. ಫಿಲ್ಲರ್ (ಬೆಸುಗೆಗೆ ಕರಗಿಸಿ ತುಂಬೋ ಕಂಬಿ) 308 ದರ್ಜೆಯದು ಹಾಕೋಕೆ ಹೇಳಿ.

ಚೀಟಿಯಲ್ಲಿ ಬರೆದುಕೊಡಬೇಕಾದ ಅಳತೆ: ಹೊರ ರಿಂಗು 8 ಮಿ.ಮೀ. ದುಂಡು ಕಂಬಿ, ಹೊರಗಿನ ಅಡ್ಡಳತೆ 330 ಮಿ.ಮೀ. ಕಂಬಿಯ ನಡುಗೆರೆ ಲೆಕ್ಕಕ್ಕೆ 322 ಆಗುತ್ತೆ, ಹಾಗಾಗಿ ಕತ್ತರಿಸಬೇಕಾದ ಉದ್ದ 1012 ಮಿ.ಮೀ. ಅಡ್ಡ ಕಂಬಿ 6 ಮಿ.ಮೀ., ನಡುವೆ 14 ಮಿ.ಮೀ. ಸಂದು, ಒಟ್ಟು ಹದಿನೈದು ಕಂಬಿ ಬರುತ್ತೆ. ಕಾಲಿಗೆ ನಾಲ್ಕು ಬಿಡಿ ತುಂಡು ಬೇಡ. 8 ಮಿ.ಮೀ. ಕಂಬಿಯನ್ನ ಅಗಲ ತಳದ ಬಕೆಟ್ ಹಿಡಿಯ ಹಾಗೆ ಮೂರು ಬದಿಗೆ ಬಗ್ಗಿಸಿ, 100 ಮಿ.ಮೀ. ಇಳಿಕೆ, 150 ಮಿ.ಮೀ. ಪಾದ, ಮತ್ತೆ 100 ಮಿ.ಮೀ. ಏರಿಕೆ, ಇಂಥವು ಎರಡು, ಎದುರು ಬದುರು. ಪಾದದ ಕಂಬಿ ಕೆಳಗಿನ ಜಾಲರಿಯ ಕಂಬಿಗಳಿಗೆ ಅಡ್ಡಲಾಗಿ ಕೂತರೆ ಏಳೆಂಟು ಕಂಬಿಗಳ ಮೇಲೆ ಭಾರ ಹಂಚುತ್ತೆ, ಸಂದಿಗೆ ಇಳಿಯೋ ಮಾತೇ ಇಲ್ಲ. ಬಗ್ಗಿಸಿದ ಮೂಲೆಗೆ ಸ್ವಲ್ಪ ಉದ್ದ ಹೆಚ್ಚು ಕಡಿಮೆ ಆಗುತ್ತೆ, ಒಂದನ್ನ ಬಗ್ಗಿಸಿ ಅಳೆದು ಆಮೇಲೆ ಎರಡನೇದು ಕತ್ತರಿಸಲಿ.

ಇಲ್ಲಿ ಮೋಸ ಹೋಗೋದು ಗ್ರೇಡಿನಲ್ಲಿ. 304 ಕೇಳಿದರೆ 202 ಕೊಡೋದು ಸಾಮಾನ್ಯ. ಅದರಲ್ಲಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಸೇರಿಸಿರ್ತಾರೆ. ಉಪ್ಪು, ನಿಂಬೆರಸ, ಕಾವು ಮೂರೂ ಬಿದ್ದರೆ ಕಂದು ಚುಕ್ಕೆ ಬೇಗ ಏಳುತ್ತೆ. ಅಯಸ್ಕಾಂತ ಹಿಡಿದು "ನೋಡಿ ಸಾರ್, ಅಂಟಲ್ಲ, ಒರಿಜಿನಲ್" ಅಂತಾರೆ. 202 ಕೂಡ ಅಂಟೋದಿಲ್ಲ, ಆ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ. ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಲಿಕ್ವಿಡ್ ಸ್ಟೀಲ್ ಅಂಗಡಿಗಳಲ್ಲಿ ಇಟ್ಟಿರ್ತಾರೆ, ಕತ್ತರಿಸೋಕೆ ಮುಂಚೆ ನಿಮ್ಮೆದುರಿಗೇ ಹಾಕಿಸಿ, ಗೊತ್ತಿರೋ 304 ತುಂಡಿನ ಪಕ್ಕದಲ್ಲಿಟ್ಟು ಹೋಲಿಸಿ.

ವೆಲ್ಡ್ ಆದ ಮೇಲೆ ನೀಲಿ, ಕಂದು ಕಲೆ ತೆಗೆಯೋಕೆ ಪಿಕ್ಲಿಂಗ್ ಪೇಸ್ಟ್ ಹಚ್ತಾರೆ. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತೆ. ಅಡುಗೆಗೆ ಬಳಸೋ ವಸ್ತು ಅಂತ ಮೊದಲೇ ಹೇಳಿ, ಅಲ್ಲೇ ಧಾರಾಳವಾಗಿ ನೀರಿನಲ್ಲಿ ತೊಳೆಸಿಕೊಂಡು ಬನ್ನಿ, ಬರಿಗೈಲಿ ಮುಟ್ಟಬೇಡಿ. ಬ್ರಷ್ ಹಾಕೋದಾದರೆ ಸ್ಟೇನ್‌ಲೆಸ್ ತಂತಿಯದೇ ಇರಲಿ. ಕಬ್ಬಿಣದ ಬ್ರಷ್ಷಿನ ಪುಡಿ ಅಂಟಿಕೊಂಡು, ಒಳ್ಳೆ 304 ಕೂಡ ತುಕ್ಕು ಹಿಡಿದಂಗೆ ಕಾಣುತ್ತೆ.

ಕೆಂಡದ_ಕಾವು:

ಒಂದು ಬಿಟ್ಟುಹೋಗಿತ್ತು. ಮೇಲಿನ ಜಾಲರಿ ಇಟ್ಟಾಗ ಆಹಾರ ಮುಚ್ಚಳದ ಬಾಯಿಗೆ ಹತ್ತಿರ ಇರುತ್ತದೆ, ನೀವೂ ಬಗ್ಗಿ ನೋಡುತ್ತೀರಿ. ಬಿಸಿ ಗೂಡಿಗೆ ಏಕಾಏಕಿ ಗಾಳಿ ನುಗ್ಗಿದರೆ ಜ್ವಾಲೆ ಭಗ್ಗನೆ ಹೊರಗೆ ಬರುತ್ತದೆ, ಹುಬ್ಬು, ರೆಪ್ಪೆ ಸುಡುವುದು ಹೀಗೆ. ಮುಚ್ಚಳವನ್ನು ಮೊದಲು ಎರಡು ಇಂಚು ಮಾತ್ರ ಎತ್ತಿ ಕೆಲವು ಸೆಕೆಂಡು ಹಿಡಿದು, ಆಮೇಲೆ ಪೂರ್ತಿ ತೆರೆಯಿರಿ. ಮೊಣಕೈವರೆಗೆ ಬರುವ ಚರ್ಮದ ಕೈಗವಸು ಹಾಕಿ, ಸ್ಟ್ಯಾಂಡನ್ನು ಎರಡು ಕೈಯಲ್ಲಿ ನೇರ ಮೇಲಕ್ಕೆ ಎತ್ತಿ.

ಇನ್ನು, ಮೇಲಿನ ಜಾಲರಿಯ ಅಂಚಿನಾಚೆಗೆ ಮಾಂಸ ಜೋತುಬೀಳದಂತೆ ಇಡಿ. ಅಂಚಿನಿಂದ ಕೊಬ್ಬು ಒಳಗೋಡೆಗೆ ಸಿಡಿದು ಗ್ಯಾಸ್ಕೆಟ್ಟಿಗೆ (ಮುಚ್ಚಳ ಕೂರುವ ಅಂಚಿನ ಫೆಲ್ಟು ಪಟ್ಟಿ) ಇಳಿಯುತ್ತದೆ, ಫೆಲ್ಟು ಅದನ್ನು ಹೀರಿಕೊಂಡು ತಣಿದ ಮೇಲೆ ಮುಚ್ಚಳ ಕೆಳಭಾಗಕ್ಕೆ ಅಂಟಿಕೊಳ್ಳುತ್ತದೆ. ಅಂಟಿದರೆ ಜಗ್ಗಬೇಡಿ, ಫೆಲ್ಟು ಕಿತ್ತು ಬರುತ್ತದೆ. ಕೆಳಗಿನ ಕಿಂಡಿಯಿಂದ ಸ್ವಲ್ಪ ಇದ್ದಲು ಹೊತ್ತಿಸಿ, ಚಿಮಣಿ ತೆರೆದಿಟ್ಟು, ಗೂಡು ಬೆಚ್ಚಗಾಗಿ ಕೊಬ್ಬು ಕರಗಿದ ಮೇಲೆ ಮೆಲ್ಲಗೆ ಎತ್ತಿ.